ಗುರುತಿಲ್ಲದವನ ಕೈಗೆ ಒಂದು ಸೈಕಲ್

ಪರ ಊರಿನಲ್ಲಿ ಮೊದಲ ಸಲ ಸಾರ್ವಜನಿಕ ಸೈಕಲ್ ತೆಗೆದುಕೊಳ್ಳಲು ಹೋದಾಗ ನನಗೆ ಹಿಡಿದದ್ದು ಹದಿನೇಳು ನಿಮಿಷ. ಅಷ್ಟೂ ಹೊತ್ತು ನಿಲ್ದಾಣದ ಯಂತ್ರದ ಮುಂದೆ ನಿಂತು ನಾನು ಯಾರೆಂದು ಅದಕ್ಕೆ ಮನವರಿಕೆ ಮಾಡಿಕೊಡುತ್ತಿದ್ದೆ. ಭಾಷೆ ಯಾವುದು ಎಂದು ಕೇಳಿತು, ಆರಿಸಿದೆ. ಎಷ್ಟು ದಿನಕ್ಕೆ ಎಂದಿತು, ಒಂದು ದಿನಕ್ಕೆ ಎಂದೆ. ಷರತ್ತುಗಳನ್ನು ಓದಿದ್ದೀರಾ ಎಂದಿತು. ಸುಡುವ ಬಿಸಿಲಿನಲ್ಲಿ ಅಂಗೈಯಗಲದ ಪರದೆಯ ಮೇಲೆ ನಲವತ್ತು ಪುಟ ಓದುವವರುಂಟೇ? ಓದಿದ್ದೇನೆ ಎಂದು ಸುಳ್ಳು ಒತ್ತಿದೆ. ಕಾರ್ಡ್ ತೂರಿಸಿದಾಗ ಬಾಡಿಗೆ ಎಂದು ಚಿಲ್ಲರೆ ಮೊತ್ತವೊಂದು ಕಾಣಿಸಿತು. ಅದರ ಕೆಳಗೆ ಠೇವಣಿ ಎಂದು, ಹಳೆಯ ಸೈಕಲ್ಲೊಂದನ್ನು ಕೊಂಡೇಬಿಡಬಹುದಾದಷ್ಟು ದೊಡ್ಡ ಅಂಕಿ. ಇದನ್ನು ಕಡಿತ ಮಾಡುವುದಿಲ್ಲ, ತಡೆಹಿಡಿಯುತ್ತೇವೆ ಅಷ್ಟೇ ಎಂದು ಸಣ್ಣ ಅಕ್ಷರದ ಸಮಾಧಾನ. ಕೊನೆಗೆ ಐದಂಕಿಯ ಸಂಕೇತ ಬರೆದ ಚೀಟಿ ಹೊರಬಂತು. ಅದನ್ನು ಸೈಕಲ್ ಸಿಕ್ಕಿಸಿದ್ದ ಕೊಂಡಿಯ ಪಕ್ಕದ ಗುಂಡಿಗಳಲ್ಲಿ ಒತ್ತಬೇಕಾಗಿತ್ತು. ಆರಿಸಿದ ಸೈಕಲ್ಲಿನ ಟೈರಿಗೆ ಗಾಳಿ ಕಡಿಮೆಯಿದ್ದುದನ್ನು ಕಂಡು ಇನ್ನೊಂದನ್ನು ಹುಡುಕುವಷ್ಟರಲ್ಲಿ ಸಂಕೇತದ ಅವಧಿ ಮುಗಿದು ಕೆಂಪು ದೀಪ ಬಂತು. ಮತ್ತೆ ಮೊದಲಿನಿಂದ.

ಈ ನಡುವೆ ಆ ಊರಿನ ಹೆಂಗಸೊಬ್ಬರು ಬಂದರು. ಪರ್ಸನ್ನು ತೆರೆಯದೆಯೇ ಕೊಂಡಿಯ ಮೇಲೆ ಒಮ್ಮೆ ಸವರಿದರು. ಟಕ್ ಎಂದಿತು. ಸೈಕಲ್ಲನ್ನು ಹಿಂದಕ್ಕೆಳೆದು, ಸೀಟಿನ ಎತ್ತರವನ್ನೂ ನೋಡದೆ ಹತ್ತಿ ಹೊರಟೇ ಹೋದರು. ಒಟ್ಟು ನಾಲ್ಕೈದು ಸೆಕೆಂಡು ಆಗಿರಬಹುದು. ಅವರನ್ನು ವ್ಯವಸ್ಥೆ ಬಲ್ಲದು. ವರ್ಷದ ಚಂದಾ ಕಟ್ಟಿದ್ದಾರೆ, ಮನೆಯ ವಿಳಾಸ ಕೊಟ್ಟಿದ್ದಾರೆ, ಓಡಿಹೋಗಲಾರರು. ನಾನು ಓಡಿಹೋಗಬಲ್ಲವನು. ಹಾಗೆ ನೋಡಿದರೆ ಓಡಿಹೋಗುವುದು ಖಚಿತವೇ ಆಗಿತ್ತು, ಭಾನುವಾರಕ್ಕೆ ಟಿಕೆಟ್ಟೂ ಆಗಿತ್ತು.

ಊರಿನ ಹೆಸರು ಬೇಡ. ಮುಂದೆ ಹೇಳಲಿರುವ ಅವಾಂತರದಲ್ಲಿ ಅರ್ಧ ತಪ್ಪು ನನ್ನದೇ, ಉಳಿದರ್ಧಕ್ಕಾಗಿ ಊರನ್ನು ಕಟಕಟೆಗೆ ಹತ್ತಿಸುವುದು ಸರಿಯಲ್ಲ.

ಗುರುತಿಲ್ಲದವನ ಕೈಗೆ ಸೈಕಲ್ ಕೊಡುವುದು ಹೇಗೆ? ಈ ಒಂದು ಪ್ರಶ್ನೆಯ ಸುತ್ತ ಅರವತ್ತು ವರ್ಷಗಳಿಂದ ಜನ ತಲೆ ಕೆಡಿಸಿಕೊಂಡಿದ್ದಾರೆ. ಮೊಟ್ಟಮೊದಲ ಉತ್ತರ ಎಲ್ಲಕ್ಕಿಂತ ಸರಳವಾಗಿತ್ತು: ಸುಮ್ಮನೆ ಕೊಟ್ಟುಬಿಡುವುದು. 1965ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಪ್ರೋವೋ ಎಂಬ ತುಂಟ ಚಳವಳಿಗಾರರ ಗುಂಪು ಕೆಲವು ಸೈಕಲ್ಲುಗಳಿಗೆ ಬಿಳಿ ಬಣ್ಣ ಬಳಿದು, ಬೀಗ ಹಾಕದೆ ಬೀದಿಯಲ್ಲಿ ಬಿಟ್ಟಿತು. ಬೇಕಾದವರು ಹತ್ತಿ ಹೋಗಲಿ, ಇಳಿದಲ್ಲಿ ಬಿಡಲಿ, ಮುಂದಿನವರು ಅಲ್ಲಿಂದ ತೆಗೆದುಕೊಳ್ಳಲಿ. ಈ ಆಲೋಚನೆಯ ಹಿಂದಿದ್ದವರು ಲೂಡ್ ಸ್ಕಿಮ್ಮೆಲ್‌ಪೆನ್ನಿಂಕ್. ಪೊಲೀಸರು ಬಂದು ಆ ಸೈಕಲ್ಲುಗಳನ್ನು ವಶಪಡಿಸಿಕೊಂಡರು. ಕಾರಣ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯದು: ಬೀಗ ಹಾಕದೆ ಸೈಕಲ್ ಬಿಡುವುದು ಕಾನೂನಿಗೆ ವಿರುದ್ಧ, ಕಳ್ಳರಿಗೆ ಆಸೆ ಹುಟ್ಟಿಸಿದಂತೆ. ಯಾರು ಬೇಕಾದರೂ ಒಯ್ಯಲಿ ಎಂದು ಬಿಟ್ಟ ವಸ್ತುವನ್ನು ಕದಿಯುವುದಾದರೂ ಹೇಗೆ ಎಂದು ಪೊಲೀಸರನ್ನು ಯಾರಾದರೂ ಕೇಳಿದ್ದರೇ ಎಂಬುದು ನನ್ನ ಕುತೂಹಲ.

ಮೂವತ್ತು ವರ್ಷಗಳ ನಂತರ, 1995ರಲ್ಲಿ, ಕೋಪನ್‌ಹೇಗನ್ ಎರಡನೆಯ ಉತ್ತರ ಕೊಟ್ಟಿತು. ಸಾವಿರ ಸೈಕಲ್ಲುಗಳನ್ನು ನಿಗದಿತ ಜಾಗಗಳಲ್ಲಿ ಸರಪಳಿಗೆ ಸಿಕ್ಕಿಸಿಟ್ಟಿತು. 20 ಕ್ರೋನರ್‌ಗಳ ನಾಣ್ಯ ಹಾಕಿದರೆ ಸೈಕಲ್ ಬಿಡುತ್ತದೆ, ಮರಳಿಸಿದರೆ ನಾಣ್ಯ ಈಚೆಗೆ ಬರುತ್ತದೆ. ಸೂಪರ್ ಮಾರ್ಕೆಟ್ಟಿನ ತಳ್ಳುಗಾಡಿಯ ಉಪಾಯವೇ. ಪ್ರವಾಸಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಮತ್ತೊಂದು ಬಂದಿಲ್ಲ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಆ ಊರಿನವರ ನಾಣ್ಯಕ್ಕೂ ನನ್ನ ನಾಣ್ಯಕ್ಕೂ ಆ ಬೀಗ ಭೇದ ಮಾಡುತ್ತಿರಲಿಲ್ಲ. ಆದರೆ ನಾಣ್ಯಕ್ಕೆ ಹೆಸರಿಲ್ಲವಲ್ಲ. ಒಯ್ದವರು ಯಾರೆಂದು ತಿಳಿಯುವ ದಾರಿಯೇ ಇರಲಿಲ್ಲ, ಕಳುವು ನಿಲ್ಲಲಿಲ್ಲ. ಅಲ್ಲಿಂದ ಮುಂದೆ ಹೆಸರು ಕೇಳುವ ಕಾಲ ಆರಂಭವಾಯಿತು. 1996ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳಿಗೆ ಕಾಂತಪಟ್ಟಿಯ ಕಾರ್ಡು, 1998ರಲ್ಲಿ ಫ್ರಾನ್ಸಿನ ರೆನ್ ನಗರದಲ್ಲಿ ಕಂಪ್ಯೂಟರಿಗೆ ಜೋಡಿಸಿದ ಕಾರ್ಡು, 2005ರಲ್ಲಿ ಲಿಯೋನ್, 2007ರ ಜುಲೈ 15ರಂದು ಪ್ಯಾರಿಸ್. ಪ್ಯಾರಿಸ್ ಮಾಡಿದ್ದನ್ನು ಜಗತ್ತು ನೋಡಿತು. ಮುಂದಿನ ನಾಲ್ಕೈದು ವರ್ಷಗಳಲ್ಲಿ ಹಾಂಗ್‌ಝೌ, ಮಾಂಟ್ರಿಯಲ್, ಲಂಡನ್ ಎಲ್ಲವೂ ತಮ್ಮ ತಮ್ಮ ಬೀದಿಗಳಲ್ಲಿ ಕೊಂಡಿಗಳ ಸಾಲು ನೆಟ್ಟವು.

ಯಂತ್ರದ ಮುಂದೆ ನಿಂತಿದ್ದ ನನಗೆ ಇದೆಲ್ಲ ನೆನಪಿಗೆ ಬಂದು ಸ್ವಲ್ಪ ನಾಚಿಕೆಯಾಯಿತು. ಆ ಕಾರ್ಡು, ಠೇವಣಿ, ಸಂಕೇತ, ಕೊಂಡಿ, ಇಷ್ಟನ್ನೂ ಕಂಡುಹಿಡಿದದ್ದು ನನ್ನಂಥವನ ಸಲುವಾಗಿಯೇ.

ಇನ್ನು ಸೈಕಲ್ಲಿನ ವಿಷಯ. ಹೊರಗಿನಿಂದ ನೋಡಿ ಹಗುರವೆಂದುಕೊಂಡರೆ ಮೋಸ ಹೋಗುತ್ತೀರಿ. ಲಂಡನ್ನಿನಲ್ಲಿ 2010ರಲ್ಲಿ ಬೀದಿಗಿಳಿದದ್ದರ ತೂಕ ಸುಮಾರು 23 ಕಿಲೋ. ಮೆಟ್ಟಿಲ ಮೇಲೆ ಹೊತ್ತು ಸಾಗಿಸುವ ಮಾತೇ ಇಲ್ಲ, ಹಾಗೆ ಸಾಗಿಸಬಾರದೆಂದೇ ಆ ತೂಕ. ಚೈನಿಗೆ ಪೂರ್ತಿ ಹೊದಿಕೆ, ಗೇರು ಹಿಂದಿನ ಚಕ್ರದ ಗುಂಬದೊಳಗೆ, ದೀಪ ಚಕ್ರ ತಿರುಗಿದಾಗ ತಾನೇ ಹೊತ್ತಿಕೊಳ್ಳುವಂಥದು, ತಂತಿಗಳೆಲ್ಲ ಕೊಳವೆಗಳ ಒಳಗೆ, ಬೇರೆ ಸೈಕಲ್ಲಿಗೆ ಹೊಂದದ ಬಿಡಿಭಾಗಗಳು. ಕದ್ದರೂ ಪ್ರಯೋಜನವಿಲ್ಲ ಎಂದು ಮೈಯೆಲ್ಲ ಸಾರುವ ವಾಹನ. ಅದರ ಮುಂದಿನ ಬುಟ್ಟಿಯಲ್ಲಿ ಚೀಲವಿಟ್ಟು ಹತ್ತಿದರೆ ಎಮ್ಮೆಯ ಮೇಲೆ ಕುಳಿತ ಗಾಂಭೀರ್ಯ ತಾನಾಗಿ ಬರುತ್ತದೆ. ಬೈಯುತ್ತಿದ್ದೇನೆ ಎಂದುಕೊಳ್ಳಬೇಡಿ. ಪರ ಊರಿನ ಟ್ರಾಮ್ ಹಳಿಗಳ ಮೇಲೆ, ಕಲ್ಲು ಹಾಸಿದ ಬೀದಿಗಳಲ್ಲಿ, ಅಗಲ ಟೈರಿನ ಈ ನಿಧಾನಸ್ಥ ಪ್ರಾಣಿ ನನ್ನನ್ನು ಒಮ್ಮೆಯೂ ಬೀಳಿಸಲಿಲ್ಲ. ಹಳಿಯನ್ನು ಓರೆಯಾಗಿ ದಾಟಬಾರದು, ಆದಷ್ಟು ಅಡ್ಡಲಾಗಿ ದಾಟಬೇಕು ಎಂಬುದನ್ನು ಮಾತ್ರ ನಾನೇ ಕಲಿಯಬೇಕಾಯಿತು.

ಮಾಂಟ್ರಿಯಲ್‌ನಲ್ಲಿ 2009ರಲ್ಲಿ ಬಂದ ವಿನ್ಯಾಸವೇ ಲಂಡನ್, ವಾಷಿಂಗ್ಟನ್, ನ್ಯೂಯಾರ್ಕ್‌ಗಳಿಗೂ ಹೋಯಿತು. ಬಣ್ಣ ಬೇರೆ, ಬುಟ್ಟಿಯ ಮೇಲಿನ ಹೆಸರು ಬೇರೆ. ಹಾಗಾಗಿ ಖಂಡ ದಾಟಿ ಹೋದರೂ ಕೈಗೆ ಸಿಗುವ ಹ್ಯಾಂಡಲ್ ಪರಿಚಿತ. ಹೊಸ ಊರಿನಲ್ಲಿ ಅಷ್ಟು ಬೇಗ ಪರಿಚಿತವಾಗುವ ವಸ್ತುಗಳು ಹೆಚ್ಚಿಲ್ಲ.

ಬಹಳಷ್ಟು ಊರುಗಳಲ್ಲಿ ಮೊದಲ ಮೂವತ್ತು ನಿಮಿಷಕ್ಕೆ ಹೆಚ್ಚುವರಿ ದುಡ್ಡಿಲ್ಲ. ಆಮೇಲೆ ಬಾಡಿಗೆ ಮೆಲ್ಲಗೆ ಏರುತ್ತದೆ, ಇನ್ನೂ ಆಮೇಲೆ ಮೆಲ್ಲಗೆ ಏರುವುದಿಲ್ಲ. ಇದು ಪ್ರವಾಸಿಯನ್ನು ಸುಲಿಯುವ ಹುನ್ನಾರವೆಂದು ಮೊದಲ ದಿನ ನಾನು ಸಿಟ್ಟಾಗಿದ್ದೆ. ಊರು ಸುತ್ತಲು ಬಂದವನಿಗೆ ಮೂವತ್ತು ನಿಮಿಷ ಎಂದರೆ ಏನು? ಆದರೆ ಲೆಕ್ಕ ಬೇರೆಯೇ ಇದೆ. ಒಬ್ಬನೇ ಇಡೀ ದಿನ ಇಟ್ಟುಕೊಂಡರೆ ಒಂದು ಸೈಕಲ್ ಒಬ್ಬನಿಗೆ ಸಲ್ಲುತ್ತದೆ, ಅರ್ಧ ಗಂಟೆಗೊಮ್ಮೆ ಮರಳಿದರೆ ಹತ್ತು ಜನರಿಗೆ. ಮನೆಯಿಂದ ರೈಲು ನಿಲ್ದಾಣಕ್ಕೆ, ಅಲ್ಲಿಂದ ಕಚೇರಿಗೆ ಹೋಗುವವರಿಗೆಂದು ಹೊಲಿದ ಅಂಗಿ ಅದು. ಅದು ನನ್ನ ಮೈಗೆ ಬಿಗಿಯಾದರೆ ದರ್ಜಿಯ ತಪ್ಪೇನು? ಇಡೀ ದಿನ ಬೇಕಾದವರು ಖಾಸಗಿಯಾಗಿ ಬಾಡಿಗೆಗೆ ಪಡೆಯಬಹುದು, ಅದು ಅಗ್ಗವೂ ಆದೀತು.

ನಾನು ಹಾಗೆ ಮಾಡಲಿಲ್ಲ. ಇಪ್ಪತ್ತೈದು ನಿಮಿಷಕ್ಕೊಮ್ಮೆ ಇಳಿದು, ಸೈಕಲ್ ಸಿಕ್ಕಿಸಿ, ಬೇರೊಂದನ್ನು ತೆಗೆಯುವ ಉಪಾಯ ಹಿಡಿದೆ. ಹಾಗೆ ಬದಲಿಸುವಾಗ ನಡುವೆ ಐದು ನಿಮಿಷ ಕಾಯಿಸುವ ಊರುಗಳಿವೆ, ಇದೂ ಅಂಥದೇ. ಆ ಐದು ನಿಮಿಷಗಳು ನನ್ನ ಪ್ರವಾಸವನ್ನೇ ಬದಲಿಸಿಬಿಟ್ಟವು. ಪ್ರವಾಸಿ ಸಾಮಾನ್ಯವಾಗಿ ಎಲ್ಲಿ ಇಳಿಯುತ್ತಾನೆ? ನೋಡಲೇಬೇಕೆಂದು ಪಟ್ಟಿ ಮಾಡಿಟ್ಟ ಕಡೆ. ನಾನು ಇಳಿಯುತ್ತಿದ್ದುದು ಅವಧಿ ಮುಗಿದಲ್ಲಿ: ಶಾಲೆಯ ಹಿಂಬದಿ, ಕೋರ್ಟಿನ ಪಕ್ಕ, ದಂತವೈದ್ಯರ ಫಲಕದ ಕೆಳಗೆ, ಗುಜರಿಯವನ ಅಂಗಡಿಯೆದುರು. ಕಾಯಲು ಅಲ್ಲಿ ಬೇರೆ ಕೆಲಸವಿರಲಿಲ್ಲ, ನಿಂತು ನೋಡಿದೆ. ಶಾಲೆ ಬಿಡುವ ಹೊತ್ತಿಗೆ ತಂದೆತಾಯಿಗಳು ಗೇಟಿನಿಂದ ಎಷ್ಟು ದೂರದಲ್ಲಿ ನಿಲ್ಲುತ್ತಾರೆ, ಬಸ್ ತಪ್ಪಿದವರು ಆ ಊರಿನಲ್ಲಿ ಯಾರನ್ನು ಬೈಯುತ್ತಾರೆ, ಇಂಥ ಯಾವ ಕೈಪಿಡಿಯಲ್ಲೂ ಇಲ್ಲದ ಸಂಗತಿಗಳು ಈಗಲೂ ನೆನಪಿವೆ. ದೊಡ್ಡ ಗೋಪುರದ ಒಳಗಿನ ಚಿತ್ರಗಳು ಮರೆತುಹೋಗಿವೆ.

ನಿಲ್ದಾಣದ ನಕ್ಷೆಗಳೂ ಹಾಗೆಯೇ. ಲಂಡನ್ನಿನ ಬೀದಿಯ ನಕ್ಷೆಗಳಲ್ಲಿ ಮೇಲ್ಭಾಗ ಎಂದರೆ ನೀವು ಮುಖ ಮಾಡಿ ನಿಂತಿರುವ ದಿಕ್ಕು. ಉತ್ತರ ಯಾವ ಕಡೆಗಿದ್ದರೂ ಇರಲಿ, ನಿಮ್ಮ ಎಡಕ್ಕಿರುವುದು ನಕ್ಷೆಯಲ್ಲೂ ಎಡಕ್ಕೇ ಇರುತ್ತದೆ. ಹೊಸಬನನ್ನು ಮನಸ್ಸಿನಲ್ಲಿಟ್ಟುಕೊಂಡು ಯಾರೋ ಕುಳಿತು ಯೋಚಿಸಿದ್ದಾರೆ ಎಂದು ಅಂಥದ್ದನ್ನು ಕಂಡಾಗ ಅನಿಸುತ್ತದೆ. ಠೇವಣಿಯ ಅಂಕಿಯಿಂದಾದ ಗಾಯಕ್ಕೆ ಸ್ವಲ್ಪ ಮುಲಾಮು.

ಆ ಊರಿನ ನಡುವೆ ಹೊಳೆ, ಒಂದು ಬದಿಗೆ ಗುಡ್ಡ. ನಾನು ಉಳಿದಿದ್ದ ಕೋಣೆ ಗುಡ್ಡದ ನೆತ್ತಿಯಲ್ಲಿತ್ತು. ಮೊದಲ ದಿನ ಬೆಳಗ್ಗೆ ಒಂಬತ್ತೂವರೆಗೆ ಸಾವಕಾಶವಾಗಿ ಹೊರಬಂದು ನೋಡಿದರೆ ನಿಲ್ದಾಣದಲ್ಲಿ ಒಂದು ಸೈಕಲ್ಲೂ ಇಲ್ಲ. ಇಪ್ಪತ್ತು ಕೊಂಡಿಗಳು ಹಲ್ಲು ಬಿದ್ದ ಬಾಯಿಯಂತೆ ತೆರೆದುಕೊಂಡಿದ್ದವು. ನಡೆದು ಇಳಿದೆ. ಹೊಳೆದಂಡೆಯ ನಿಲ್ದಾಣದಲ್ಲಿ ಸೈಕಲ್ಲುಗಳು ಕಿಕ್ಕಿರಿದು, ಹೊಸದಾಗಿ ಬಂದವರು ಬಿಡಲು ಜಾಗವಿಲ್ಲದೆ ಗೊಣಗುತ್ತಿದ್ದರು. ಬೆಳಗ್ಗೆ ಎಲ್ಲರೂ ಜಾರಿಕೊಂಡು ಕೆಲಸಕ್ಕೆ ಇಳಿಯುತ್ತಾರೆ. ಸಂಜೆ ಏರು ತುಳಿಯುವವರಾರು? ಬಸ್ಸಿನಲ್ಲಿ ಹೋಗುತ್ತಾರೆ. ನೀರು ತಗ್ಗಿಗೆ ಹರಿದಂತೆ ಸೈಕಲ್ಲು ತಗ್ಗಿಗೆ ಹರಿಯುತ್ತದೆ, ಅದನ್ನು ಮತ್ತೆ ಗುಡ್ಡಕ್ಕೆ ಹತ್ತಿಸಲು ರಾತ್ರಿಯಿಡೀ ಲಾರಿಗಳು ಓಡಾಡಬೇಕು. ಪ್ಯಾರಿಸ್ಸಿನವರು ಎತ್ತರದ ನಿಲ್ದಾಣಗಳಿಗೆ ಸೈಕಲ್ ಮರಳಿಸಿದವರಿಗೆ ಹದಿನೈದು ನಿಮಿಷಗಳ ಕೊಡುಗೆ ಘೋಷಿಸಿದ್ದೂ, ನ್ಯೂಯಾರ್ಕ್ ಖಾಲಿ ನಿಲ್ದಾಣಕ್ಕೆ ಸೈಕಲ್ ಮುಟ್ಟಿಸಿದ ಸದಸ್ಯರಿಗೆ ಅಂಕಗಳನ್ನು ಕೊಡುವುದೂ ಈ ತಾಪತ್ರಯಕ್ಕಾಗಿಯೇ.

ಎರಡನೆಯ ದಿನದಿಂದ ನಾನು ಏಳೂವರೆಗೇ ಏಳತೊಡಗಿದೆ. ರಜೆಯಲ್ಲಿ ಹೋದವನು ಕಚೇರಿಗೆ ಹೋಗುವವರ ಜೊತೆ ಪೈಪೋಟಿ ನಡೆಸಿ ಸೈಕಲ್ ಹಿಡಿಯುವುದು ಹಾಸ್ಯಾಸ್ಪದ ನಿಜ. ಆದರೆ ಆ ಗುಂಪಿನಲ್ಲಿ ಇಳಿಜಾರಿನ ತಂಗಾಳಿಗೆ ಮುಖವೊಡ್ಡಿ, ಬ್ರೇಕಿನ ಮೇಲೆ ಎರಡು ಬೆರಳಿಟ್ಟು ಇಳಿಯುವಾಗ ಒಂದಿಷ್ಟು ಹೊತ್ತು ನನ್ನನ್ನು ಯಾರೂ ಹೊರಗಿನವನೆಂದು ಕಂಡಿರಲಾರರು. ವೃತ್ತದಲ್ಲಿ ಮಾತ್ರ ಗುಟ್ಟು ರಟ್ಟಾಗುತ್ತಿತ್ತು. ಆ ಊರಿನಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಸಾಗುತ್ತವೆ, ನಾನು ಹುಟ್ಟಾ ಎಡಬದಿಯವನು. ನೇರ ರಸ್ತೆಯಲ್ಲಿ ಏನೂ ತೊಂದರೆಯಿಲ್ಲ. ತಿರುವು ಬಂದೊಡನೆ ಮೈ ತನ್ನ ಹಳೆಯ ಬದಿಗೆ ಎಳೆಯುತ್ತದೆ. ಎರಡು ಸಲ ಬೈಸಿಕೊಂಡೆ. ಭಾಷೆ ತಿಳಿಯದಿದ್ದರೂ ಬೈಗುಳವೆಂದು ತಿಳಿಯಿತು.

ತಲೆಗೆ ಹೆಲ್ಮೆಟ್ ಇರಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ಅಲ್ಲಿ ಕಡ್ಡಾಯವಿರಲಿಲ್ಲ. ಪ್ರವಾಸಕ್ಕೆ ಹೊರಟವರು ಹೆಲ್ಮೆಟ್ ಹೊತ್ತು ವಿಮಾನ ಹತ್ತುವುದಿಲ್ಲ, ದಿಢೀರನೆ ಸೈಕಲ್ ಹತ್ತುವ ಮನಸ್ಸಾದ ಊರಿನವರ ಬಳಿಯೂ ಅದು ಇರುವುದಿಲ್ಲ. ಮೆಲ್ಬರ್ನ್ 2010ರಲ್ಲಿ ತನ್ನ ಸೈಕಲ್ಲುಗಳನ್ನು ಇಳಿಸಿದಾಗ ಅಲ್ಲಿ ಹೆಲ್ಮೆಟ್ ಕಡ್ಡಾಯವಾಗಿತ್ತು. ಆಮೇಲೆ ಸೈಕಲ್ಲಿಗೇ ಹೆಲ್ಮೆಟ್ ಸಿಕ್ಕಿಸಿಟ್ಟು ನೋಡಿದರು. ಇನ್ನೊಬ್ಬರು ಬೆವರಿಸಿದ ಹೆಲ್ಮೆಟ್ಟನ್ನು ಸಂತೋಷದಿಂದ ಹಾಕಿಕೊಳ್ಳುವವರು ಕಡಿಮೆ. 2019ರಲ್ಲಿ ಆ ವ್ಯವಸ್ಥೆ ಮುಚ್ಚಿತು.

ಈಗ ಅವಾಂತರದ ಕತೆ. ಮೂರನೆಯ ಸಂಜೆ ಹೊಳೆದಂಡೆಯಲ್ಲಿ ಸೈಕಲ್ ಸಿಕ್ಕಿಸಿ ಊಟಕ್ಕೆ ಹೋದೆ. ಆ ಹೊತ್ತಿಗೆ ನಾನು ಪಳಗಿದವನು, ತಿರುಗಿ ನೋಡುವ ಅಗತ್ಯವೇ ಕಾಣಲಿಲ್ಲ. ಮೂರು ಗಂಟೆಯ ನಂತರ ಕೋಣೆಯಲ್ಲಿ ಮೊಬೈಲ್ ತೆಗೆದರೆ ಸಂದೇಶ: ನಿಮ್ಮ ಪ್ರಯಾಣ ಮುಂದುವರಿದಿದೆ. ಮಂಚದ ಮೇಲೆ ಕುಳಿತಿದ್ದ ನಾನು ಯಾವ ಪ್ರಯಾಣದಲ್ಲಿದ್ದೇನೆಂದು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದೊಡನೆ ಗುಡ್ಡ ಇಳಿದು ಓಡಿದೆ. ಓಡುತ್ತಲೇ ಸಹಾಯವಾಣಿಗೆ ಕರೆ ಮಾಡಿದೆ. ಅದು ಸಂಗೀತ ಕೇಳಿಸಿತು.

ಸೈಕಲ್ ಅಲ್ಲೇ ನಿಂತಿತ್ತು, ನಾನು ಬಿಟ್ಟ ಹಾಗೆಯೇ. ಮುಂಚಕ್ರ ಕೊಂಡಿಯೊಳಗೆ ಕುಳಿತಿತ್ತು, ಆದರೆ ಬೀಗ ಕಚ್ಚಿಕೊಂಡಿರಲಿಲ್ಲ. ಹಸಿರು ದೀಪ ಬಂದಿರಲಿಲ್ಲವೆಂದಾಯಿತು. ಪಕ್ಕದಲ್ಲಿ ತಮ್ಮ ಸೈಕಲ್ ಸಿಕ್ಕಿಸುತ್ತಿದ್ದ ಹಿರಿಯರೊಬ್ಬರು ನನ್ನ ಮುಖ ನೋಡಿಯೇ ವಿಷಯ ಊಹಿಸಿದರು.

“ಎಳೆದು ನೋಡಿದಿರಾ?” ಎಂದರು.

ಇಲ್ಲ ಎಂದೆ. ಅವರು ನನ್ನ ಸೈಕಲ್ಲಿನ ಹಿಂಬದಿಯನ್ನು ತುಸು ಎತ್ತಿ, ಜೋರಾಗಿ ಮುಂದಕ್ಕೆ ನೂಕಿದರು. ಟಕ್ ಎಂದು ಹಸಿರು ಬಂತು. ಆಮೇಲೆ ಹ್ಯಾಂಡಲ್ ಹಿಡಿದು ಹಿಂದಕ್ಕೆ ಜಗ್ಗಿದರು, ಬರಲಿಲ್ಲ. “ಹೀಗೆ. ಪ್ರತಿ ಸಲವೂ” ಎಂದು ಹೇಳಿ ಹೊರಟರು. ನಲವತ್ತು ಪುಟಗಳ ಷರತ್ತಿನಲ್ಲಿ ಇದು ಎಲ್ಲೋ ಇದ್ದೇ ಇರುತ್ತದೆ. ಆ ಊರಿನಲ್ಲಿ ಇರುವವರಿಗೆ ಅದು ಕೈಗೆ ಗೊತ್ತು.

ಎಣಿಸಿದರೆ ಮೂರು ಗಂಟೆಗಳ ಕಾಲ ಆ ಸೈಕಲ್ ಆಮ್‌ಸ್ಟರ್‌ಡ್ಯಾಮಿನ ಬಿಳಿ ಸೈಕಲ್ಲಾಗಿತ್ತು. ಬೀಗವಿಲ್ಲ, ಕಾಸಿಲ್ಲ, ಯಾರು ಬೇಕಾದರೂ ಹತ್ತಿ ಹೋಗಬಹುದಾಗಿತ್ತು. ನೂರಾರು ಜನ ಪಕ್ಕದಲ್ಲೇ ಹಾದುಹೋಗಿರಬೇಕು, ಯಾರೂ ಮುಟ್ಟಿರಲಿಲ್ಲ. ಅದನ್ನು ಆ ಊರಿನ ಪ್ರಾಮಾಣಿಕತೆಯ ಕತೆಯಾಗಿ ಹೇಳಲು ಆಸೆಯಾಗುತ್ತದೆ. ಆದರೆ ಕೊಂಡಿಯಲ್ಲಿ ಕುಳಿತ ಸೈಕಲ್ ಬಿಟ್ಟುಕೊಂಡಿದೆ ಎಂದು ನನಗೇ ತಿಳಿಯದಿರುವಾಗ ದಾರಿಹೋಕರಿಗೆ ಹೇಗೆ ತಿಳಿದೀತು? ಮರುದಿನ ಸಹಾಯವಾಣಿಯಲ್ಲಿ ಸಿಕ್ಕ ಹೆಣ್ಣುಮಗಳು ಸೈಕಲ್ಲಿನ ಸಂಖ್ಯೆ ಕೇಳಿ, ದಂಡದಲ್ಲಿ ಅರ್ಧ ಮನ್ನಾ ಮಾಡಿದರು. ಅರ್ಧ ತಪ್ಪಿಗೆ ಅರ್ಧ ದಂಡ, ತಕರಾರಿಲ್ಲ.

ಪರ ಊರಿನವರ ಕೈ ಕಲಿಯುವ ಇಂಥ ಗುಟ್ಟುಗಳು ಇನ್ನೂ ಇವೆ. ಪ್ಯಾರಿಸ್ಸಿನಲ್ಲಿ ಸೀಟು ಹಿಂದುಮುಂದಾಗಿ ತಿರುಗಿದ್ದರೆ ಆ ಸೈಕಲ್ ಕೆಟ್ಟಿದೆ ಎಂದರ್ಥ. ಮೊದಲು ತೆಗೆದು ಮೋಸ ಹೋದವರು ಮುಂದಿನವರಿಗೆ ಬಿಟ್ಟುಹೋದ ಸುಳಿವು ಅದು. ಸೀಟು ತಿರುಗಿಸಿದವರ ಹೆಸರು ಗೊತ್ತಿಲ್ಲ, ಅವರಿಗೆ ನನ್ನ ಹೆಸರು ಗೊತ್ತಿಲ್ಲ. ನಾನೂ ಆ ಮೇಲೆ ಹೋದಲ್ಲೆಲ್ಲ, ಆ ಊರಿನ ರೂಢಿಯೋ ಅಲ್ಲವೋ, ಕೆಟ್ಟ ಸೈಕಲ್ಲಿನ ಸೀಟು ತಿರುಗಿಸಿಡುತ್ತೇನೆ.

ಬಾರ್ಸಿಲೋನಾದವರ ದಾರಿ ನೇರ. 2007ರಲ್ಲಿ ಆರಂಭವಾದ ಅಲ್ಲಿನ ಬಿಸಿಂಗ್ ಎಂಬ ಸೈಕಲ್ ವ್ಯವಸ್ಥೆ ನಿವಾಸಿಗಳಿಗೆ ಮಾತ್ರ, ಪ್ರವಾಸಿಗಳಿಗೆ ಇಲ್ಲ. ಸಾಲುಗಟ್ಟಿ ನಿಂತ ಸೈಕಲ್ಲುಗಳ ಪಕ್ಕದಲ್ಲಿ ನಡೆದು ಹೋಗುವಾಗ ಪ್ರವಾಸಿಗೆ ಹೊಟ್ಟೆಯುರಿಯುತ್ತದೆ. ಸಂದರ್ಶಕರಿಂದ ಉಸಿರುಕಟ್ಟಿರುವ ಊರು ತನ್ನವರಿಗೆಂದು ಒಂದನ್ನಾದರೂ ಎತ್ತಿಟ್ಟುಕೊಂಡಿದ್ದರೆ ಅದನ್ನು ದೂರುವ ಬಾಯಿ ಮಾತ್ರ ನನಗಿಲ್ಲ.

ಕೊಂಡಿಯೇ ಬೇಡ, ಮೊಬೈಲಿನಲ್ಲಿ ಬೀಗ ತೆರೆದು ಎಲ್ಲೆಂದರಲ್ಲಿ ಬಿಡಿ ಎಂಬ ಚೀನಾದ ಕಂಪನಿಗಳ ಅಲೆ 2016ರ ನಂತರ ಬಂತು, ಬಂದಷ್ಟೇ ರಭಸದಲ್ಲಿ ಇಳಿಯಿತು. ಪಾದಚಾರಿ ಮಾರ್ಗಗಳಲ್ಲಿ ರಾಶಿಬಿದ್ದ ಸೈಕಲ್ಲುಗಳ ಚಿತ್ರಗಳನ್ನು ಎಲ್ಲರೂ ನೋಡಿದ್ದಾರೆ. ನನಗೆ ಅದಕ್ಕಿಂತ ಮರೆಯಲಾಗದ ಚಿತ್ರ ಬೇರೆ. 2018ರ ಡಿಸೆಂಬರಿನ ಚಳಿಯಲ್ಲಿ ಬೀಜಿಂಗ್‌ನಲ್ಲಿ ಓಫೋ ಎಂಬ ಅಂಥದೊಂದು ಕಂಪನಿಯ ಕಚೇರಿಯ ಹೊರಗೆ ಜನ ತಮ್ಮ ಠೇವಣಿ ವಾಪಸ್ ಕೇಳಿ ಸಾಲು ನಿಂತರು. ಆನ್‌ಲೈನ್ ಸಾಲಿನಲ್ಲಿ ಒಂದು ಕೋಟಿಗೂ ಮಿಕ್ಕಿ ಜನರಿದ್ದರು. ಸೈಕಲ್ ಒಯ್ದವನು ಮರಳಿಸುತ್ತಾನೋ ಇಲ್ಲವೋ ಎಂದು ಅಷ್ಟು ವರ್ಷ ಚಿಂತಿಸಿದ ಮೇಲೆ, ಕೊಟ್ಟವನೇ ಹಣ ಮರಳಿಸಲಾರದೆ ಹೋದ.

ನನ್ನ ಠೇವಣಿ ಮರಳಿತು. ಊರಿಗೆ ಬಂದು ಹನ್ನೊಂದನೆಯ ದಿನ, ತಡೆಹಿಡಿದ ಮೊತ್ತವನ್ನು ಬಿಡುಗಡೆ ಮಾಡಲಾಗಿದೆ ಎಂಬ ಒಂದು ಸಾಲಿನ ಸಂದೇಶ. ಅಂದರೆ ನಾನು ವಾಪಸ್ ಬಂದ ಮೇಲೂ ಹನ್ನೊಂದು ದಿನ ಆ ಊರಿನ ಲೆಕ್ಕದಲ್ಲಿ ಅನುಮಾನಾಸ್ಪದ ವ್ಯಕ್ತಿಯಾಗಿದ್ದೆ.

ಆ್ಯಪನ್ನು ಇನ್ನೂ ಅಳಿಸಿಲ್ಲ. ಅದರಲ್ಲಿ ಪ್ರತಿ ನಿಲ್ದಾಣದ ಸೈಕಲ್ಲುಗಳ ಸಂಖ್ಯೆ ಕ್ಷಣಕ್ಷಣಕ್ಕೂ ಕಾಣುತ್ತದೆ. ನನ್ನಲ್ಲಿ ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ ಅಲ್ಲಿ ಬೆಳಗಿನ ಒಂಬತ್ತೂವರೆ. ಆಗೊಮ್ಮೆ ಈಗೊಮ್ಮೆ ತೆರೆದು ನೋಡುತ್ತೇನೆ. ಗುಡ್ಡದ ಮೇಲೆ ಸೊನ್ನೆ, ಹೊಳೆದಂಡೆಯಲ್ಲಿ ಹತ್ತೊಂಬತ್ತು. ಮಳೆ ಬಂದ ದಿನ ಗುಡ್ಡದ ಮೇಲೂ ಹದಿನಾಲ್ಕು ಉಳಿದಿರುತ್ತವೆ.